ಸರೋವರದ ಮೇಲೆ ಹಾರುವ ಮುನ್ನ ಲೈಫ್ ಜಾಕೆಟ್ ಮೈಮೇಲಿರಲಿ

ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಕೆನಡಾಕ್ಕೆ ಬರುತ್ತಾರೆ. ಅವರನ್ನು ಪುಟ್ಟ ವಿಮಾನದಲ್ಲಿ ಸರೋವರಗಳ ಮೇಲೆ ಸುತ್ತಾಡಿಸುವ ಆಸೆ ನಮ್ಮವರಲ್ಲಿ ಅನೇಕರಿಗಿದೆ. ದಯವಿಟ್ಟು ಟಿಕೆಟ್ ಕೊಳ್ಳುವ ಮೊದಲು ಇದನ್ನು ಓದಿ.

ಉತ್ತರ ಒಂಟಾರಿಯೊದಲ್ಲಿ ನಾವು ಹತ್ತಿದ್ದು ನಾಲ್ಕು ಸೀಟಿನ ಸೆಸ್ನಾ 172. ಪೈಲಟ್ ಪಕ್ಕದಲ್ಲಿ ನಾನು, ಹಿಂದೆ ಅತ್ತೆ ಮಾವ. ನಡು ಸರೋವರದ ಮೇಲೆ ಎಂಜಿನ್ ತಡವರಿಸಿ ನಿಂತೇಹೋಯಿತು. ಪ್ರೊಪೆಲ್ಲರ್ ಬರೀ ಗಾಳಿಗೆ ತಿರುಗುತ್ತಿತ್ತು. ಸಾವಿರ ಅಡಿ ಎತ್ತರದಿಂದ ಈ ವಿಮಾನ ಎಂಜಿನ್ ಇಲ್ಲದೆ ಸಾಗುವುದು ಎರಡೂವರೆ ಕಿಲೋಮೀಟರ್ ಆಸುಪಾಸು; ದಡ ಎಟುಕುವಂತಿರಲಿಲ್ಲ. ನೀರಿಗಿಳಿಯುವ ಮೊದಲು ಪೈಲಟ್ ತಮ್ಮ ಬಾಗಿಲು ತೆರೆದು, ನನ್ನ ಕಡೆಯದನ್ನೂ ತೆರೆಸಿದರು. ನಾವು ಉಳಿದದ್ದು ಅದರಿಂದಲೇ. ಚಕ್ರಗಳು ನೀರಿಗೆ ತಗುಲಿದ್ದೇ ತಡ, ವಿಮಾನ ಮಗುಚಿತು.

ತಲೆಕೆಳಗಾಗಿ ಬೆಲ್ಟಿನಲ್ಲಿ ನೇತಾಡುವಾಗ ಎಡಬಲ ತಿಳಿಯುವುದಿಲ್ಲ. ಮೂಗಿಗೆ ನೀರು ನುಗ್ಗುತ್ತದೆ, ಕೊರೆಯುವ ನೀರಿನಲ್ಲಿ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಇರುವುದು ಮುಂದಿನ ಎರಡೇ ಬಾಗಿಲು. ಅತ್ತೆಯವರ ತೋಳು ಕೈಗೆ ಸಿಕ್ಕಿತು, ಎಳೆದೆ. ಮಾವನವರಿಗಾಗಿ ಪೈಲಟ್ ಮತ್ತೆ ಮುಳುಗಿದರು. ಮೀನು ಹಿಡಿಯುತ್ತಿದ್ದವರ ದೋಣಿ ಹತ್ತಿರವೇ ಇತ್ತು, ಎಲ್ಲರೂ ಬದುಕಿದೆವು.

ಲೈಫ್ ಜಾಕೆಟ್‌ಗಳು ಸೀಟಿನ ಕೆಳಗೆ, ಒಡೆಯದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಗೆಯೇ ಉಳಿದವು. ಹಾರುವ ಮುನ್ನ ಸಂಸ್ಥೆಯವರು ಹೇಳಿದ್ದು "ಸೀಟಿನ ಕೆಳಗಿದೆ" ಎಂಬ ಒಂದೇ ಮಾತು. ಹಣ ಪಡೆದು ವಯಸ್ಸಾದವರನ್ನು ಹತ್ತಿಸಿಕೊಳ್ಳುವವರ ಈ ಉಡಾಫೆಯನ್ನು ನಾನು ಕ್ಷಮಿಸಲಾರೆ.

ವಿಮಾನ ನೆಲದ ಮೇಲಿದ್ದಾಗಲೇ ಜಾಕೆಟ್ ತೊಡಿ. ಆದರೆ ಅದಕ್ಕೆ ಗಾಳಿ ತುಂಬುವುದು ವಿಮಾನದಿಂದ ಹೊರಬಂದ ಮೇಲೆಯೇ. ಒಳಗೆ ಉಬ್ಬಿಸಿದರೆ ಅದು ನಿಮ್ಮನ್ನು ಮೇಲಕ್ಕೊತ್ತುತ್ತದೆ, ಬಾಗಿಲತ್ತ ಮುಳುಗಲು ಬಿಡುವುದಿಲ್ಲ. 1996ರ ನವೆಂಬರ್‌ನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಇಂಧನ ಮುಗಿದು ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪಗಳ ಬಳಿ ಸಮುದ್ರಕ್ಕೆ ಬಿತ್ತು. 175 ಮಂದಿಯಲ್ಲಿ 125 ಮಂದಿ ಸತ್ತರು. ಒಳಗೇ ಜಾಕೆಟ್ ಉಬ್ಬಿಸಿಕೊಂಡು ಸಿಕ್ಕಿಬಿದ್ದವರು ಅವರಲ್ಲಿ ಅನೇಕರು.

ಹಾರುವ ಮುನ್ನವೇ, ಕಣ್ಣು ಮುಚ್ಚಿಕೊಂಡು ಹಿಡಿಕೆ ಹುಡುಕಿ ಬಾಗಿಲು ತೆರೆಯುವುದನ್ನು ಅಭ್ಯಾಸ ಮಾಡಿ. ಮುಳುಗಿದಾಗ ಒಂದು ಕೈ ಬಾಗಿಲ ಅಂಚನ್ನು ಹಿಡಿದಿರಲಿ, ಬೆಲ್ಟನ್ನು ಆಮೇಲೆ ಬಿಚ್ಚಿ. ವಯಸ್ಸಾದವರಿಗೆ ಬಾಗಿಲ ಪಕ್ಕದ ಸೀಟನ್ನೇ ಕೇಳಿ. ತೂಕದ ಲೆಕ್ಕ ಹೇಳಿ ಅವರನ್ನು ಹಿಂದಕ್ಕೇ ಕೂರಿಸುವುದಾದರೆ ಹಣ ವಾಪಸು ಪಡೆದು ದೋಣಿಯಲ್ಲಿ ಕರೆದೊಯ್ಯಿರಿ. ಸರೋವರ ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.