ಫೈರ್‌ಪ್ಲೇಸ್‌ಗೆ ಹೊಸ ರೂಪ ಕೊಡುವ ಮೊದಲು ಇದನ್ನು ಓದಿ

ನಮ್ಮ ಹಾಲ್‌ನಲ್ಲಿ ಇಟ್ಟಿಗೆಯ ಹಳೇ ಫೈರ್‌ಪ್ಲೇಸ್ ಇದೆ. ಕಟ್ಟಿಗೆ ಹಾಕಿ ಉರಿಸುವಂಥದ್ದು. ಮಸಿ ಹಿಡಿದು ಇಡೀ ಹಾಲ್ ಮಂಕಾಗಿ ಕಾಣುತ್ತಿತ್ತು. ಬಿಳಿ ಬಣ್ಣ ಬಳಿದು, ಒಲೆಯ ಬಾಯಿ ಸುತ್ತ ಮರದ ಚೌಕಟ್ಟು ಕೂರಿಸೋಣ ಅಂದುಕೊಂಡೆ. ಎರಡೇ ದಿನದ ಕೆಲಸ. ಮುಗಿದಾಗ ನಿಜವಾಗಿಯೂ ಚೆನ್ನಾಗಿತ್ತು, ಬಂದವರೆಲ್ಲ ಹೊಗಳಿದರು. ಆ ಚಂದ ಒಂದು ಚಳಿಗಾಲವೂ ಪೂರ್ತಿ ಬಾಳಲಿಲ್ಲ. ಚಂದ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಮನೆಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಣ್ಣದ ವಿಷಯ. ಇಟ್ಟಿಗೆಯನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ಬಳಿಯುವ ಎಮಲ್ಷನ್ ಹಚ್ಚಿಬಿಟ್ಟೆ. ಹೊರಗೂ ಅದೇ, ಬೆಂಕಿ ಉರಿಯುವ ಗೂಡಿನ ಒಳಗೂ ಅದೇ. ಮೊದಲ ಸಲ ಬೆಂಕಿ ಹಾಕಿದ ಅರ್ಧ ಗಂಟೆಗೆ ಒಳಗಿನ ಬಣ್ಣ ಗುಳ್ಳೆ ಎದ್ದು, ಕಂದಾಗಿ, ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಪ್ಲಾಸ್ಟಿಕ್ ಸುಟ್ಟಂಥ ವಾಸನೆ. ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಹೊರಭಾಗದಲ್ಲಿ ಕೆಲವೇ ವಾರಗಳಲ್ಲಿ ಹಳದಿ ಕಲೆಗಳು ಮೂಡಿದವು. ಇನ್ನೊಂದು ಕೋಟ್ ಹಚ್ಚಿದೆ, ಮತ್ತೆ ಮೂಡಿದವು. ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತ ಮಸಿ ಮತ್ತು ಹೊಗೆಯ ಜಿಡ್ಡು ನೀರಿನ ಪೇಂಟನ್ನು ದಾಟಿ ಮೇಲೆ ಬರುತ್ತದೆ. ಮಸಿಯನ್ನು ಚೆನ್ನಾಗಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಕಲೆ ತಡೆಯುವ ಪ್ರೈಮರ್ ಹಚ್ಚಿದ ಮೇಲೆಯೇ ಹೊರಭಾಗಕ್ಕೆ ಬಣ್ಣ. ಗೂಡಿನ ಒಳಗಂತೂ ಮಾಮೂಲಿ ಪೇಂಟ್ ಮುಟ್ಟಿಸಲೇಬೇಡಿ. ಅಲ್ಲಿಗೆ ಅಂತಲೇ ಸುಮಾರು 650 ಡಿಗ್ರಿ ಸೆಲ್ಸಿಯಸ್ ಶಾಖ ತಡೆಯುವ ಪೇಂಟ್ ಸಿಗುತ್ತದೆ.

ಹಚ್ಚಿದ್ದನ್ನು ತೆಗೆಯುವುದು ಹಚ್ಚುವುದಕ್ಕಿಂತ ಎಷ್ಟೋ ಕಷ್ಟ. ಪೇಂಟ್ ಕರಗಿಸುವ ಜೆಲ್ ಹಾಕಿ ವಾರಗಟ್ಟಲೆ ಕೆರೆದರೂ ಸಂದುಗಳಲ್ಲಿ ಬಿಳಿ ಉಳಿದೇ ಇದೆ. ಮರಳು ಚಿಮ್ಮಿಸಿ ತೆಗೆಯಿರಿ ಅಂತ ಒಬ್ಬರು ಹೇಳಿದರು. ಹಾಗೆ ಮಾಡಿದರೆ ಭಟ್ಟಿಯಲ್ಲಿ ಬೆಂದು ಗಟ್ಟಿಯಾದ ಇಟ್ಟಿಗೆಯ ಮೇಲ್ಪದರವೇ ಹೋಗುತ್ತದೆ, ಒಳಗಿನ ಮೆತ್ತನೆಯ ಭಾಗ ಪುಡಿ ಉದುರುತ್ತದೆ. ತಿಳಿ ಬಣ್ಣವೇ ಬೇಕಿದ್ದರೆ ಇನ್ನೂ ಪೇಂಟ್ ಹಚ್ಚಿರದ ಬರೀ ಇಟ್ಟಿಗೆಗೆ ಸುಣ್ಣ ಬಳಿಯುವುದು ವಾಸಿ ಅಂತ ಈಗ ಅನಿಸುತ್ತದೆ. ಸುಣ್ಣ ಇಟ್ಟಿಗೆಯ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ.

ಇನ್ನು ಮರ. ಒಲೆಯ ಬಾಯಿಗೂ ಚೌಕಟ್ಟಿಗೂ ನಾನು ಬಿಟ್ಟ ಜಾಗ ಒಂದೇ ಇಂಚು. ಜ್ವಾಲೆ ತಾಗುವುದಿಲ್ಲವಲ್ಲ, ಏನಾಗುತ್ತದೆ ಅಂದುಕೊಂಡಿದ್ದೆ. ಚಳಿಗಾಲ ಮುಗಿಯುತ್ತಾ ಬಂದಾಗ, ಬೆಂಕಿ ಇಲ್ಲದ ದಿನವೂ ಹಾಲ್‌ನಲ್ಲಿ ಸೀದ ವಾಸನೆ. ಮೇಲಿನ ಪಟ್ಟಿಯ ಕೆಳ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಚಿಮಣಿ ಶುಚಿ ಮಾಡಲು ಬಂದವರು ಅದನ್ನು ನೋಡಿದವರೇ, ಇದನ್ನು ಬಿಚ್ಚುವ ತನಕ ಒಂದು ಕಡ್ಡಿಯನ್ನೂ ಗೀರಬೇಡಿ ಅಂದರು.

ಅವರು ಹೇಳಿದ್ದು ಇಷ್ಟು. ಹೊಸ ಮರ ಹೊತ್ತಿಕೊಳ್ಳಲು ತುಂಬಾ ಶಾಖ ಬೇಕು. ಆದರೆ ದಿನವೂ ಕಾಯುವ ಮರ ಒಳಗೊಳಗೇ ಬದಲಾಗಿ ಇದ್ದಿಲಿನ ಹಾಗೆ ಆಗುತ್ತಾ ಹೋಗುತ್ತದೆ. ಆಮೇಲೆ ಅದು ಮೊದಲಿಗಿಂತ ಎಷ್ಟೋ ಕಡಿಮೆ ಬಿಸಿಗೇ ಹೊತ್ತಿಕೊಳ್ಳಬಹುದು. ಅಂದರೆ ಹೋದ ತಿಂಗಳು ಏನೂ ಆಗಲಿಲ್ಲ ಅನ್ನುವುದು ಈ ತಿಂಗಳಿಗೆ ಧೈರ್ಯ ಕೊಡುವ ಮಾತೇ ಅಲ್ಲ. ಇದು ನನಗೆ ಮೊದಲೇ ಗೊತ್ತಿದ್ದರೆ ಆ ಚೌಕಟ್ಟನ್ನು ಖಂಡಿತ ಕೂರಿಸುತ್ತಿರಲಿಲ್ಲ.

ಅಳತೆ ಬೇಕು ಅನ್ನುವವರಿಗೆ: ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮದಲ್ಲಿ ಇಟ್ಟಿಗೆ ಒಲೆಯ ಬಾಯಿಯಿಂದ 6 ಇಂಚಿನೊಳಗೆ ಮರ ಇರಲೇಬಾರದು. 12 ಇಂಚಿನೊಳಗಿನ ಮರ, ಪ್ರತಿ ಇಂಚು ದೂರಕ್ಕೆ ಇಂಚಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಮುಂದೆ ಚಾಚಬಾರದು. 8 ಇಂಚು ದೂರದಲ್ಲಿದ್ದರೆ 1 ಇಂಚು ಮಾತ್ರ. ನಿಮ್ಮಲ್ಲಿ ಇದಕ್ಕಿಂತ ಬಿಗಿಯಾದ ನಿಯಮ ಇರಬಹುದು, ಕೇಳಿಕೊಳ್ಳಿ. ಕಾರ್ಖಾನೆಯಲ್ಲಿ ತಯಾರಾದ ಗೂಡಾದರೆ ಅದರ ಕೈಪಿಡಿಯಲ್ಲಿರುವ ಅಳತೆಯೇ ಕೊನೆ ಮಾತು. ಅಂಟಿಸುವ ವಿನೈಲ್ ಟೈಲ್‌ಗಳನ್ನೂ ಬಾಯಿಯ ಪಕ್ಕಕ್ಕೆ ತರಬೇಡಿ, ಬಿಸಿಗೆ ಮೆತ್ತಗಾಗಿ ಅಂಟು ಬಿಡುತ್ತವೆ.

ಅವತ್ತೇ ಚೌಕಟ್ಟು ಬಿಚ್ಚಿದೆ. ಮೇಲಿನ ಪಟ್ಟಿಯನ್ನು ತಿರುಗಿಸಿ ನೋಡಿದರೆ, ಇಟ್ಟಿಗೆಗೆ ಒತ್ತಿಕೊಂಡಿದ್ದ ಹಿಂಬದಿ ಮುಂಬದಿಗಿಂತ ಎಷ್ಟೋ ಕಪ್ಪಾಗಿತ್ತು. ಆ ತುಂಡನ್ನು ಎಸೆದಿಲ್ಲ. ಒಲೆಗೆ ಚೌಕಟ್ಟು ಹಾಕಿಸಬೇಕು ಅಂತ ಯಾರಾದರೂ ಕೇಳಿದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.