ಹಾರುಬೂದಿಗೆ ಕಾಸ್ಟಿಕ್ ಸೋಡಾನಾ, ಸುಣ್ಣಾನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಣ್ಣಕ್ಕೆ. ಕಲ್ಲಿದ್ದಲು ಬಾಯ್ಲರಿನ ಹಾರುಬೂದಿಯಿಂದ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಹೀರುವ ಪುಡಿ ಮಾಡಬೇಕಿತ್ತು, ಎರಡೂ ದಾರಿ ಹಿಡಿದು ನೋಡಿದೆ. ಬೂದಿಗೆ ಕಾಸ್ಟಿಕ್ ಸೋಡಾ ಬೆರೆಸಿ 550 ಡಿಗ್ರಿಯಲ್ಲಿ ಕಾಯಿಸಿ, ಪುಡಿ ಮಾಡಿ, ನೀರಲ್ಲಿ ಕಲಸಿ, 90–100 ಡಿಗ್ರಿಯಲ್ಲಿಟ್ಟು, ಸೋಸಿ ತೊಳೆದರೆ ಜಿಯೋಲೈಟ್, ಅಂದರೆ ಅನಿಲ ಹೀರುವ ಸಣ್ಣ ಸಣ್ಣ ರಂಧ್ರಗಳ ಹರಳಿನ ಪುಡಿ. ಬೂದಿ, ಅರಳಿದ ಸುಣ್ಣ, ನೀರು ಸೇರಿಸಿ 90 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಕಲಕಿ ಒಣಗಿಸಿದರೆ ಇನ್ನೊಂದು ಪುಡಿ, ಅಷ್ಟೇ.

ಜಿಯೋಲೈಟ್ ಕೆಟ್ಟದ್ದು ಅಂತಲ್ಲ. ಎಕ್ಸ್ ಬಗೆಯದ್ದು ಸಿಕ್ಕರೆ ರಂಧ್ರ ಸುಮಾರು 0.74 ನ್ಯಾನೋಮೀಟರ್, ಅನಿಲ ಸಲೀಸಾಗಿ ಒಳಗೆ ಹೋಗುತ್ತದೆ. ಬಿಸಿ ಮಾಡಿ ಮತ್ತೆ ಬಳಸಬಹುದು.

ಆದರೆ ತೊಳೆಯುವ ಕೆಲಸ ಇದೆಯಲ್ಲ, ಅದು ಪ್ರಾಣ ತಿನ್ನುತ್ತದೆ. ಎಷ್ಟು ನೀರು ಸುರಿದರೂ ಕ್ಷಾರ ಬಿಡುವುದಿಲ್ಲ, ಬೆರಳಿಗೆ ಸೋಪಿನ ಹಾಗೆ ಜಾರುತ್ತಲೇ ಇರುತ್ತದೆ (ಕೈಗವಸು ಹಾಕಿಕೊಳ್ಳಿ). ಪುಡಿ ಅಷ್ಟು ನಯವಾಗಿರುವುದರಿಂದ ಫಿಲ್ಟರ್ ಪೇಪರ್ ಮೇಲೆ ಕೆನೆಗಟ್ಟಿ ಕೂತುಬಿಡುತ್ತದೆ, ಆಮೇಲೆ ತೊಟ್ಟು ತೊಟ್ಟಾಗಿ ಇಳಿಯುವ ನೀರನ್ನು ನೋಡುತ್ತಾ ನಿಲ್ಲಬೇಕು. ಸಾಕು ಅಂತ ಅರ್ಧಕ್ಕೆ ಬಿಟ್ಟರೆ ಉಳಿದ ಕ್ಷಾರ ಕಾರ್ಬನ್ ಡೈಆಕ್ಸೈಡ್ ಹಿಡಿದು ಕಾರ್ಬೊನೇಟ್ ಆಗಿ ರಂಧ್ರ ಮುಚ್ಚುತ್ತದೆ.

ತೊಳೆದ ನೀರಿನದ್ದು ಇನ್ನೊಂದು ಗೋಳು. ಕ್ಷಾರಕ್ಕೆ ಬೂದಿಯಲ್ಲಿದ್ದ ಆರ್ಸೆನಿಕ್, ಸೆಲೆನಿಯಮ್‌ನಂಥವು ಕರಗಿ ಬರುತ್ತವೆ, ಹಾಗಾಗಿ ಸುಮ್ನೆ ಮೋರಿಗೆ ಚೆಲ್ಲುವಂತಿಲ್ಲ. ಹೊಗೆ ಶುದ್ಧ ಮಾಡಲು ಹೋಗಿ ನೀರು ಕೆಡಿಸಿದರೆ ಏನು ಬಂತು, ಅಲ್ವಾ? ಮೊದಲ ಸಲ ಬಸಿದ ದ್ರಾವಣವನ್ನು ಮುಂದಿನ ಕಂತಿಗೆ ಬಳಸಿದರೆ ಸ್ವಲ್ಪ ಉಳಿತಾಯ, ಆದರೆ ಜಾಲಾಡಿದ ನೀರು ಹಾಗೇ ಉಳಿಯುತ್ತದೆ.

ಸುಣ್ಣದ ಪುಡಿಗೆ ಈ ರಗಳೆಯೇ ಇಲ್ಲ, ತೊಳೆಯುವ ಪ್ರಶ್ನೆಯೇ ಬರುವುದಿಲ್ಲ. ಬೂದಿಯ ಸಿಲಿಕಾ ಸುಣ್ಣದ ಜೊತೆ ಸೇರಿ ತೂತುತೂತಾದ ಕ್ಯಾಲ್ಸಿಯಂ ಸಿಲಿಕೇಟ್ ಆಗುತ್ತದೆ, ಅದಕ್ಕೇ ಬರೀ ಸುಣ್ಣಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಹೊಗೆಯಲ್ಲಿ ತೇವ ಇದ್ದರೆ ಇದಕ್ಕೆ ಅನುಕೂಲ. ಎಕ್ಸ್ ಜಿಯೋಲೈಟ್ ಮಾತ್ರ ಮೊದಲು ನೀರನ್ನೇ ಹೀರಿಕೊಂಡು ಕೂರುತ್ತದೆ.

ಕೊರತೆ ಒಂದೇ: ಒಮ್ಮೆ ಬಳಸಿದರೆ ಮುಗಿಯಿತು, ಕ್ಯಾಲ್ಸಿಯಂ ಸಲ್ಫೈಟ್, ಸಲ್ಫೇಟ್ ಆಗಿಬಿಡುತ್ತದೆ. ಹೊಗೆಯಲ್ಲೇ ಇರುವ ಇನ್ನೊಂದು ಮಲಿನ ಅನಿಲ ನೈಟ್ರೋಜನ್ ಆಕ್ಸೈಡಿಗೆ ಈ ಎರಡು ಪುಡಿಗಳನ್ನೂ ನಂಬಬೇಡಿ.

ಬೂದಿಯಲ್ಲಿ ಸುಡದ ಇದ್ದಿಲು ಜಾಸ್ತಿ ಇದ್ದರೆ ಅದನ್ನು ಬೇರ್ಪಡಿಸಿ ಹಬೆಯಲ್ಲಿ ಕಾಯಿಸುವ ದಾರಿಯೂ ಇದೆ, ಹೊಗೆಯಲ್ಲಿರುವ ಪಾದರಸ ಹಿಡಿಯಲು ಒಳ್ಳೆಯದು. ನನ್ನ ಬೂದಿಯಲ್ಲಿ ಅಷ್ಟು ಇದ್ದಿಲು ಇರಲಿಲ್ಲ, ಬಿಟ್ಟೆ.

ಕುಲುಮೆಯ ಕರೆಂಟು, ಕಾಸ್ಟಿಕ್ ಖರ್ಚು, ತೊಳೆಯುವ ತಾಳ್ಮೆ ಮೂರೂ ನನ್ನ ಹತ್ತಿರ ಕಡಿಮೆ, ಹಾಗಾಗಿ ಸುಣ್ಣ. ನಿಮ್ಮ ಅನಿಲ ತಣ್ಣಗೆ, ಒಣಗಿ ಬರುತ್ತದೆ, ಪುಡಿಯನ್ನು ಮತ್ತೆ ಮತ್ತೆ ಬಳಸಲೇಬೇಕು ಅಂತಿದ್ದರೆ ಜಿಯೋಲೈಟ್ ಮಾಡಿ, ಆದರೆ ತೊಳೆದ ನೀರಿಗೆ ಮೊದಲು ಒಂದು ದಾರಿ ಮಾಡಿಕೊಳ್ಳಿ.