‘24 ಗಂಟೆ ಸ್ಟ್ರೋಕ್ ಚಿಕಿತ್ಸೆ’ ಬೋರ್ಡ್ ನೋಡಿ ಒಳಗೆ ಹೋಗಬೇಡಿ

ಬೆಂಗಳೂರಿನವರು, ಮನೆಯಲ್ಲಿ ಬಿಪಿ-ಶುಗರ್ ಇರೋ ಹಿರಿಯರಿದ್ದರೆ ದಯವಿಟ್ಟು ಪೂರ್ತಿ ಓದಿ. ಆಸ್ಪತ್ರೆ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ.

ಅಮ್ಮನಿಗೆ ಲಕ್ವ ಹೊಡೆದದ್ದು ರಾತ್ರಿ 8.30ಕ್ಕೆ. ಊಟ ಬಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ತೊದಲಿದಳು, ಬಾಯಿ ಸೊಟ್ಟಗಾಯಿತು, ಬಲಗೈ ಎತ್ತಲಾಗಲಿಲ್ಲ. 8.20ರವರೆಗೂ ಅಕ್ಕನ ಜೊತೆ ಫೋನಲ್ಲಿ ಚೆನ್ನಾಗೇ ಮಾತಾಡಿದ್ದಳು, ಕಾಲ್ ಲಾಗ್ ಈಗಲೂ ಇದೆ. ಈ ಟೈಮ್ ನೆನಪಿಟ್ಟುಕೊಳ್ಳಿ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿದೆ. ‘ಸ್ಟ್ರೋಕ್ ಟೀಮ್ ಇದೆ, ಎಲ್ಲಾ ಇದೆ, ಕರ್ಕೊಂಡ್ ಬನ್ನಿ ಸರ್’ ಅಂದರು. 9.10ಕ್ಕೆ ಎಮರ್ಜೆನ್ಸಿಯಲ್ಲಿದ್ದೆವು.

ಟೀಮೂ ಇಲ್ಲ, ಏನೂ ಇಲ್ಲ. ಒಬ್ಬ ಡ್ಯೂಟಿ ಡಾಕ್ಟರ್. ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಮನೆಗೆ ಹೋಗಿದ್ದಾರಂತೆ, ‘ಕಾಲ್ ಮಾಡಿದೀವಿ, ಬರ್ತಾರೆ’. ನನ್ನನ್ನು ಅಡ್ವಾನ್ಸ್ ಕಟ್ಟೋಕೆ ಬಿಲ್ಲಿಂಗ್‌ಗೆ ಅಟ್ಟಿದರು. ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ತೀನಿ ಅಂದೆ. ‘ಇಲ್ಲೇ ಎಲ್ಲಾ ಮಾಡ್ತೀವಿ, ದಾರೀಲಿ ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ’ ಅಂದರು. ಹಾಗಂದಮೇಲೆ ಯಾವ ಮಗ ತಾಯಿಯನ್ನು ಎತ್ತಿಕೊಂಡು ಹೊರಡುತ್ತಾನೆ?

ಸಿಟಿ ಆದದ್ದು 11.20ಕ್ಕೆ. ಆಮೇಲೆ ನ್ಯೂರಾಲಜಿಸ್ಟ್ ಫೋನ್ ಎತ್ತುತ್ತಿಲ್ಲ. ಒಂದೂಕಾಲಿಗೆ ಬಂದು ಹೇಳುತ್ತಾರೆ: ‘ವಿಂಡೋ ಪಿರಿಯಡ್ ಮುಗೀತು ಸರ್, ಈಗ ಇಂಜೆಕ್ಷನ್ ಕೊಟ್ರೆ ಬ್ಲೀಡಿಂಗ್ ಆಗುತ್ತೆ.’

ಮುಗಿಸಿದ್ದು ಯಾರು? ಮೆದುಳಲ್ಲಿ ರಕ್ತಸ್ರಾವ ಇಲ್ಲ ಅಂತ ಸಿಟಿಯಲ್ಲಿ ಖಚಿತವಾದರೆ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಸಿಗೋದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಅದರೊಳಗೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ರೋಗಿ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಸೂಜಿ ಚುಚ್ಚಬೇಕು ಅನ್ನೋದು ಒಳ್ಳೆ ಆಸ್ಪತ್ರೆಗಳು ಇಟ್ಟುಕೊಳ್ಳೋ ಗುರಿ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ನನ್ನ ತಾಯಿಯನ್ನು ನಾಲ್ಕು ಗಂಟೆ ಸುಮ್ಮನೆ ಮಲಗಿಸಿದ್ದರು. ನಾಲ್ಕು ಗಂಟೆ!

ಇಷ್ಟಾದರೂ ಡಿಸ್ಚಾರ್ಜ್ ದಿನ ಅವರಿಗೆ ಕೈಮುಗಿದು ಬಂದೆ. ನೆನೆಸಿಕೊಂಡರೆ ಮೈ ಉರಿಯುತ್ತೆ. ಯಾಕೆ ಗೊತ್ತಾ? ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಡಿಸ್ಚಾರ್ಜ್ ಸಮ್ಮರಿ ಓದಿ, ‘ಇಷ್ಟು ಲೇಟಾಗಿ ಯಾಕೆ ಕರ್ಕೊಂಡು ಹೋದ್ರಿ?’ ಅಂದರು, ಅಕ್ಕ-ಭಾವ ಎಲ್ಲರ ಎದುರಿಗೆ. ಕಿತ್ತುಕೊಂಡು ನೋಡಿದೆ. ‘ಸಂಜೆ 6ಕ್ಕೆ ಲಕ್ಷಣ ಶುರು, ತಡವಾಗಿ ಕರೆತರಲಾಗಿದೆ’ ಅಂತ ಬರೆದಿದ್ದಾರೆ! ಆರು ಗಂಟೆ ಅಂತ ಯಾರು ಹೇಳಿದ್ದು? ನಾನಲ್ಲ, ಅಕ್ಕನಲ್ಲ, ಮಾತೇ ಬಾರದ ಅಮ್ಮನಂತೂ ಅಲ್ಲ. ಆರು ಅಂತ ಬರೆದರೆ ಹತ್ತೂವರೆಗೇ ಗಡುವು ಮುಗಿದಂತೆ, ಅವರ ಸಿಟಿ ತಡವಾದದ್ದು ಮುಚ್ಚಿಹೋಗುತ್ತದೆ. ಆದರೆ ಸಿಟಿ ಫಿಲ್ಮ್ ಮೇಲೆ ಟೈಮ್ ಪ್ರಿಂಟ್ ಆಗಿದೆ, ಅದನ್ನು ಅಳಿಸೋಕಾಗಲ್ಲ.

ಹೋಗಿ ಕೇಳಿದರೆ, ‘ಟೈಪಿಂಗ್ ಮಿಸ್ಟೇಕ್ ಇರಬಹುದು ಸರ್’. ತಿದ್ದಿ ಕೊಡಿ ಅಂದರೆ, ‘ಸಿಸ್ಟಮಲ್ಲಿ ಲಾಕ್ ಆಗಿದೆ’. ಕೇಸ್ ಶೀಟ್ ಪ್ರತಿ ಕೇಳಿದರೆ, ‘ರೆಕಾರ್ಡ್ಸ್ ಸೆಕ್ಷನ್‌ನೋರು ರಜೆ’. ಕೊನೆಗೆ ಮ್ಯಾನೇಜರ್, ‘ವಯಸ್ಸಾಗಿತ್ತಲ್ಲ ಸರ್, ಜೀವ ಉಳೀತಲ್ಲ’ ಅಂದ. ಆ ಮಾತಿಗೇ ನಾನು ದೂರು ಬರೆದದ್ದು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲೇ ಇದೆ. ಇನ್ನೂ ಕೊಟ್ಟಿಲ್ಲ.

ಈಗಲೇ, ಎಲ್ಲರೂ ಚೆನ್ನಾಗಿರುವಾಗಲೇ, ಹತ್ತಿರದ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿ: ರಾತ್ರಿ ಸಿಟಿ ಮಾಡೋರು ಒಳಗೇ ಇರ್ತಾರಾ, ಇಂಜೆಕ್ಷನ್ ಸ್ಟಾಕ್ ಇದೆಯಾ, ಕೊಡೋಕೆ ನಿರ್ಧಾರ ಮಾಡೋರು ಯಾರು. ‘ಎಲ್ಲಾ ಇದೆ’ ಅಂದರೆ ನಂಬಬೇಡಿ. ತುರ್ತು ರೋಗಿಗೆ ಮೊದಲು ಚಿಕಿತ್ಸೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಅಡ್ವಾನ್ಸ್ ಆಮೇಲೆ ಅಂತ ಜೋರಾಗಿಯೇ ಹೇಳಿ. ರೋಗಿ ಕೊನೆಯ ಸಲ ಸರಿಯಾಗಿದ್ದ ಟೈಮನ್ನು ಡಾಕ್ಟರ್ ಕೈಲಿ ನಿಮ್ಮ ಕಣ್ಣೆದುರೇ ಬರೆಸಿ, ಫೋಟೋ ತೆಗೆದುಕೊಳ್ಳಿ. ಬೇಡ ಅಂದರೂ ತೆಗೆದುಕೊಳ್ಳಿ.